ಗೈಡ್ ಇಲ್ಲದೆ ಕ್ಯಾಂಡಿಯ ದಳದಾ ಮಾಳಿಗಾವ: ಒಬ್ಬರೇ ಹೋಗುವವರಿಗೆ ಒಂದು ದಿನದ ದಾರಿ

ಶ್ರೀಲಂಕಾದ ಕ್ಯಾಂಡಿಯಲ್ಲಿರುವ ದಳದಾ ಮಾಳಿಗಾವ, ಅಂದರೆ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ದೇವಾಲಯ, ಟೂರ್ ವ್ಯಾನಿನವರ ಪಟ್ಟಿಯಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಜಾಗ. ಮಧ್ಯಾಹ್ನ ಬಿಸಿಲಲ್ಲಿ ಇಳಿಸುತ್ತಾರೆ, ಒಂದು ಸುತ್ತು ಹಾಕಿಸುತ್ತಾರೆ, ಮತ್ತೆ ಹತ್ತಿಸಿಕೊಂಡು ಹೊರಡುತ್ತಾರೆ. ಆ ಹೊತ್ತಿಗೆ ಒಳಗಿನ ಬಾಗಿಲು ಮುಚ್ಚಿರುತ್ತದೆ. ವಾದ್ಯದವರು ಇರುವುದಿಲ್ಲ. ಕಟ್ಟಡ ನೋಡಿದಂತಾಗುತ್ತದೆ, ಅಷ್ಟೇ.

ಒಬ್ಬರೇ ಹೋದವರಿಗೆ ಈ ತೊಂದರೆ ಇಲ್ಲ. ಗಡಿಯಾರ ನಿಮ್ಮ ಕೈಯಲ್ಲಿರುತ್ತದೆ. ಇಲ್ಲಿ ದಿನಕ್ಕೆ ಮೂರು ಪೂಜೆ: ಬೆಳಿಗ್ಗೆ 5:30, 9:30, ಸಂಜೆ 6:30. ಇಡೀ ದಿನವನ್ನು ಈ ಮೂರು ಹೊತ್ತಿನ ಸುತ್ತ ಹೊಂದಿಸಿಕೊಂಡರೆ ಗೈಡ್ ಬೇಕಾಗುವುದೇ ಇಲ್ಲ. ನಾನು ಹೇಳುವುದು ಇಷ್ಟು: ಎರಡು ಪೂಜೆ ನೋಡಿ. ಒಂದನ್ನು ಕೆಳಗಿನ ಅಂಗಳದಲ್ಲಿ ವಾದ್ಯದವರ ಹತ್ತಿರ ನಿಂತು, ಇನ್ನೊಂದನ್ನು ಮೇಲಿನ ಮಹಡಿಯಲ್ಲಿ ಬಾಗಿಲ ಎದುರು. ಒಂದೇ ಪೂಜೆಯಲ್ಲಿ ಎರಡನ್ನೂ ಹಿಡಿಯಲು ಹೋದವರು ಮೆಟ್ಟಿಲ ಮೇಲೆ ಜನರ ನಡುವೆ ಸಿಕ್ಕಿಕೊಳ್ಳುತ್ತಾರೆ.

ಯಾವ ದಿನ ಹೋಗಬೇಕು

ಮೊದಲು ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ನೋಡಿ. ಪ್ರತಿ ಹುಣ್ಣಿಮೆಯೂ ಶ್ರೀಲಂಕಾದಲ್ಲಿ ಸರ್ಕಾರಿ ರಜೆ. ಅದನ್ನು ಪೋಯ ಎನ್ನುತ್ತಾರೆ. ಅವತ್ತು ಮದ್ಯದಂಗಡಿ, ಮಾಂಸದಂಗಡಿ ಬಂದ್. ಬಿಳಿ ಬಟ್ಟೆ ತೊಟ್ಟು ಮನೆಮಂದಿಯೆಲ್ಲ ದೇವಾಲಯಕ್ಕೆ ಬರುತ್ತಾರೆ. ನೋಡಲು ಚಂದ, ಆದರೆ ಮೇಲಿನ ಮಹಡಿಯ ಕ್ಯೂ ಬಹಳ ಉದ್ದ. ಮೊದಲ ಸಲ ಹೋಗುವವರು ಪೋಯ ಬಿಟ್ಟು ಮಾಮೂಲಿ ದಿನ ಆರಿಸಿಕೊಂಡರೆ ಒಳ್ಳೆಯದು.

ಬುಧವಾರ ಸಿಕ್ಕರೆ ಇನ್ನೂ ಒಳ್ಳೆಯದು. ಅವತ್ತು ಬೆಳಿಗ್ಗೆ ನಾನುಮುರ ಎಂಬ ಅಭಿಷೇಕ ನಡೆಯುತ್ತದೆ. ಹಲ್ಲಿಗೆ ನೇರವಾಗಿ ನೀರು ಹಾಕುವುದಿಲ್ಲ. ಕನ್ನಡಿಯಲ್ಲಿ ಕಾಣುವ ಬಿಂಬಕ್ಕೆ ಗಿಡಮೂಲಿಕೆ ಬೆರೆಸಿದ ಪರಿಮಳದ ನೀರಿನಲ್ಲಿ ಸ್ನಾನ ಮಾಡಿಸುತ್ತಾರೆ. ಆ ನೀರನ್ನು ನಂತರ ಭಕ್ತರಿಗೆ ಹಂಚುತ್ತಾರೆ. ನಮ್ಮ ತೀರ್ಥ ನೆನಪಾಗದೇ ಇರದು.

ಜುಲೈ-ಆಗಸ್ಟ್‌ನಲ್ಲಿ ಹತ್ತು ದಿನ ನಡೆಯುವ ಎಸಳ ಪೆರಹೆರ ಎಂಬ ಮೆರವಣಿಗೆಯ ಕಾಲಕ್ಕೆ ಹೋಗುವುದು ಬೇರೆಯೇ ಕಥೆ. ಸಿಂಗರಿಸಿದ ಆನೆಗಳು, ಪಂಜು, ಕುಣಿತ ಎಲ್ಲ ಇರುತ್ತದೆ. ರೂಮಿನ ಬಾಡಿಗೆಯೂ ಗಗನಕ್ಕೇರಿರುತ್ತದೆ. ಅದಕ್ಕೆ ಬೇರೆ ತಯಾರಿ ಬೇಕು, ಈ ಲೇಖನ ಸಾಲದು.

ಹಿಂದಿನ ದಿನವೇ ಕ್ಯಾಂಡಿ ಸೇರಿ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನಗಳಿವೆ, ಒಂದೂವರೆ ಗಂಟೆ ಚಿಲ್ಲರೆಯ ಹಾರಾಟ. ಗಡಿಯಾರದ ಮುಳ್ಳು ತಿರುಗಿಸುವ ಕೆಲಸವೂ ಇಲ್ಲ, ಅಲ್ಲೂ ನಮ್ಮದೇ ಸಮಯ. ವೀಸಾದ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡಿಸುವ ವಾರವೇ ಅಲ್ಲಿನ ಸರ್ಕಾರದ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಜಾಲತಾಣ ನೋಡಿಕೊಳ್ಳಿ.

ಕೊಲಂಬೊದ ಫೋರ್ಟ್ ನಿಲ್ದಾಣದಿಂದ ಕ್ಯಾಂಡಿಗೆ ರೈಲು ಮೂರು ಗಂಟೆಯ ಆಸುಪಾಸು. 1867ರಲ್ಲಿ ಬ್ರಿಟಿಷರು ಹಾಕಿದ ಹಳಿ ಇದು. ರಂಬುಕ್ಕನ ದಾಟಿದ ಮೇಲೆ ಘಟ್ಟ ಹತ್ತುತ್ತದೆ. ಸಕಲೇಶಪುರದ ರೈಲು ದಾರಿ ಇಷ್ಟಪಡುವವರು ಹಗಲಿನ ಗಾಡಿಯನ್ನೇ ಹಿಡಿಯಿರಿ. ಜೋರು ಮಳೆಗೆ ಘಟ್ಟದಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದುಂಟು. ಆದ್ದರಿಂದ ಬಸ್ಸಿನ ದಾರಿಯೂ ಗೊತ್ತಿರಲಿ. ಕೊಲಂಬೊದ ಪೇಟೆ ಪ್ರದೇಶದ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ 'ನುವರ, ನುವರ' ಎಂದು ಕೂಗುತ್ತಿದ್ದರೆ ಅದು ಕ್ಯಾಂಡಿ ಬಸ್ಸು. ಅಲ್ಲಿನವರಿಗೆ ಕ್ಯಾಂಡಿ ಎಂದರೆ ಮಹನುವರ, ಚಿಕ್ಕದಾಗಿ ನುವರ. ಚಹಾ ತೋಟಗಳ ನುವರ ಎಲಿಯ ಬೇರೆ ಊರು, ಅಲ್ಲಿಂದ ಇನ್ನೂ ಮೇಲೆ. ಹತ್ತುವ ಮೊದಲು ಒಮ್ಮೆ 'ಕ್ಯಾಂಡಿ?' ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ರೂಮು ಆರಿಸುವಾಗ ಒಂದೇ ಮಾತು. ಬೆಳಗಿನ ಐದು ಗಂಟೆಗೆ ನಡೆದು ದೇವಾಲಯ ಸೇರುವಷ್ಟು ಹತ್ತಿರವಿರಲಿ. ಕೆರೆಯ ಸುತ್ತಲಿನ ಗುಡ್ಡಗಳ ಮೇಲೆ ಒಳ್ಳೆಯ ಗೆಸ್ಟ್‌ಹೌಸ್‌ಗಳಿವೆ, ಆದರೆ ಫೋಟೋದಲ್ಲಿ ಕಾಣದ ಏರು ಅಲ್ಲಿದೆ. ನಕ್ಷೆಯಲ್ಲಿ 800 ಮೀಟರ್ ಎಂದಿದ್ದರೂ ಕಾಲಿಗೆ ಅದರ ಎರಡರಷ್ಟು ಅನ್ನಿಸುತ್ತದೆ.

ಬಟ್ಟೆ ಮತ್ತು ಚೀಲ

ಭುಜ, ಮಂಡಿ ಎರಡೂ ಮುಚ್ಚಬೇಕು. ಈ ವಿಷಯದಲ್ಲಿ ನಮ್ಮವರಿಗೆ ಕಷ್ಟವೇ ಇಲ್ಲ. ಸೀರೆ, ಚೂಡಿದಾರ, ಪಂಚೆ, ಸಾದಾ ಪ್ಯಾಂಟು ಎಲ್ಲ ನಡೆಯುತ್ತದೆ. ಚಡ್ಡಿ, ತೋಳಿಲ್ಲದ ಅಂಗಿ, ಮೈ ಕಾಣುವ ತೆಳು ಬಟ್ಟೆ ಬೇಡ. ಬಿಳಿ ಬಟ್ಟೆ ಕಡ್ಡಾಯವಲ್ಲ. ಆದರೆ ಸ್ಥಳೀಯರೆಲ್ಲ ಬಿಳಿಯಲ್ಲೇ ಬರುವುದರಿಂದ ತೆಳು ಬಣ್ಣದ ಒಂದು ಜೊತೆ ಇಟ್ಟುಕೊಂಡರೆ ನೀವೂ ಅವರಲ್ಲಿ ಒಬ್ಬರಂತೆ ಸುಮ್ನೆ ಒಳಗೆ ಸೇರಿಹೋಗಬಹುದು. ಟೋಪಿ ತೆಗೆಯಬೇಕು.

ಬುದ್ಧನ ಚಿತ್ರವಿರುವ ಟೀ ಶರ್ಟ್, ಬ್ಯಾಗ್ ಯಾವುದನ್ನೂ ಒಯ್ಯಬೇಡಿ. ಹಚ್ಚೆ ಇದ್ದರೆ ಮುಚ್ಚಿಕೊಳ್ಳಿ. ಇದು ಬರೀ ಶಿಷ್ಟಾಚಾರದ ಮಾತಲ್ಲ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಬಂಧಿಸಿ ದೇಶದಿಂದ ವಾಪಸ್ ಕಳಿಸಿದರು. 2012ರಲ್ಲಿ ಬುದ್ಧನ ಮೂರ್ತಿಗೆ ಮುತ್ತು ಕೊಡುವಂತೆ ಫೋಟೋ ತೆಗೆಸಿಕೊಂಡ ಫ್ರೆಂಚ್ ಪ್ರವಾಸಿಗರು ಕೋರ್ಟು ಹತ್ತಬೇಕಾಯಿತು. ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದೂ ಅಲ್ಲಿ ಅವಮಾನವೇ. ಮೂರ್ತಿಯ ಫೋಟೋ ತೆಗೆಯಬಹುದು, ಫ್ಲ್ಯಾಶ್ ಬೇಡ. ನಿಮ್ಮ ಮುಖ ಅದರಲ್ಲಿ ಇರಲೇಬೇಕೆಂದಿಲ್ಲ, ಅಲ್ವಾ?

ಚೀಲ ಚಿಕ್ಕದಿರಲಿ. ಪಾಸ್‌ಪೋರ್ಟ್, ಚಿಲ್ಲರೆ ನೋಟು, ನೀರಿನ ಬಾಟಲಿ, ಒಂದು ಜೊತೆ ಸಾಕ್ಸ್ ಸಾಕು. ಸಾಕ್ಸ್ ಯಾಕೆಂದರೆ ಮಧ್ಯಾಹ್ನ ಹೊರಗಿನ ಗುಡಿಗಳ ಕಲ್ಲು ಕಾದ ಕಾವಲಿ.

ಗೈಡ್ ಹೇಳುವ ಕಥೆ ನೀವೇ ಓದಿಕೊಂಡು ಹೋಗಿ

ಒಳಗೆ ಫಲಕಗಳಿವೆ, ಆದರೆ ಪೂಜೆಯ ಗದ್ದಲದಲ್ಲಿ ನಿಂತು ಓದಲು ಆಗುವುದಿಲ್ಲ. ಇಷ್ಟು ಮೊದಲೇ ತಲೆಯಲ್ಲಿರಲಿ.

ಬುದ್ಧನ ದಹನದ ನಂತರ ಉಳಿದ ಒಂದು ಹಲ್ಲು ಕಳಿಂಗದ ರಾಜರ ಬಳಿ ಇತ್ತು ಎನ್ನುತ್ತದೆ ಐತಿಹ್ಯ. ಯುದ್ಧ ಬಂದಾಗ ರಾಜಕುಮಾರಿ ಹೇಮಮಾಲಿ ಅದನ್ನು ತಲೆಗೂದಲಲ್ಲಿ ಬಚ್ಚಿಟ್ಟುಕೊಂಡು, ಗಂಡ ದಂತಕುಮಾರನ ಜೊತೆ ಸಮುದ್ರ ದಾಟಿ ಲಂಕೆಗೆ ತಂದಳು. ಅದು 4ನೇ ಶತಮಾನ, ಅನುರಾಧಪುರದಲ್ಲಿ ಸಿರಿಮೇಘವಣ್ಣ ಆಳುತ್ತಿದ್ದ ಕಾಲ. ಆಮೇಲೆ ಹಲ್ಲು ಯಾರ ಬಳಿ ಇದೆಯೋ ಅವರೇ ನಿಜವಾದ ರಾಜ ಎಂಬ ನಂಬಿಕೆ ಬೆಳೆಯಿತು. ರಾಜಧಾನಿ ಬದಲಾದಂತೆಲ್ಲ ಹಲ್ಲೂ ಊರು ಬದಲಾಯಿಸಿತು. ಪೊಳೊನ್ನರುವದಲ್ಲಿ, ಯಾಪಹುವದಲ್ಲಿ, ಕೋಟ್ಟೆಯಲ್ಲಿ ಅದಕ್ಕಾಗಿ ಗುಡಿ ಕಟ್ಟಿದರು. ಕೊನೆಗೆ 16ನೇ ಶತಮಾನದ ಕಡೆಯಲ್ಲಿ ಒಂದನೇ ವಿಮಲಧರ್ಮಸೂರ್ಯ ಅದನ್ನು ಕ್ಯಾಂಡಿಗೆ ತಂದ.

ಇದರ ನಡುವೆ ನಮ್ಮ ನೆರೆಯ ಗೋವಾ ಕೂಡ ಬರುತ್ತದೆ. 1560ರ ಹೊತ್ತಿಗೆ ಪೋರ್ಚುಗೀಸರು ಜಾಫ್ನಾದಲ್ಲಿ ಸಿಕ್ಕ ಒಂದು ಹಲ್ಲನ್ನು ಗೋವಾಕ್ಕೆ ತಂದು, ಪುಡಿ ಮಾಡಿ ಸುಟ್ಟರು. ಅದು ಅಸಲಿ ಹಲ್ಲೇ ಅಲ್ಲ ಎನ್ನುವುದು ಸಿಂಹಳೀಯರ ಉತ್ತರ. ವಾದ ಏನೇ ಇರಲಿ, ರಾಜ್ಯದ ಹಕ್ಕೇ ಅದರಲ್ಲಿದೆ ಎಂದು ಎರಡೂ ಕಡೆಯವರು ನಂಬಿದ್ದರು ಅನ್ನುವುದು ಸ್ಪಷ್ಟ.

ಈಗಿನ ಕಟ್ಟಡದ ಒಳಭಾಗ 18ನೇ ಶತಮಾನದ್ದು. ಹೊರಗಿನಿಂದ ಮೊದಲು ಕಣ್ಣಿಗೆ ಬೀಳುವ ಎಂಟು ಮೂಲೆಯ ಮಂಟಪ, ಪತ್ತಿರಿಪ್ಪುವ, ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹನ ಕಾಲದ್ದು. ಎದುರಿನ ಕೆರೆಯನ್ನು ಕಟ್ಟಿಸಿದವನೂ ಅವನೇ. ಮದುರೆಯ ಕಡೆಯಿಂದ ಬಂದ ನಾಯಕ ವಂಶದವನು. 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು, ಮರುವರ್ಷ ವೆಲ್ಲೂರಿನ ಕೋಟೆಗೆ ಸಾಗಿಸಿದರು. 1832ರಲ್ಲಿ ಅಲ್ಲೇ ತೀರಿಕೊಂಡ. ವೆಲ್ಲೂರಿಗೆ ಆಸ್ಪತ್ರೆಗೆಂದು ಹೋಗುವ ಎಷ್ಟೋ ಕನ್ನಡಿಗರು ಈ ಸಂಗತಿ ತಿಳಿಯದೆಯೇ ಆ ಕೋಟೆ ನೋಡಿ ಬಂದಿರುತ್ತಾರೆ.

ಇನ್ನೊಂದು ಮಾತು. ಹಲ್ಲು ನಿಮಗೆ ಕಾಣುವುದಿಲ್ಲ. ಸ್ತೂಪದ ಆಕಾರದ ಚಿನ್ನದ ಕರಂಡಕ (ಪೆಟ್ಟಿಗೆ), ಒಂದರೊಳಗೆ ಒಂದರಂತೆ ಏಳು, ಹಲ್ಲು ಅದರೊಳಗಿದೆ. ಸಾರ್ವಜನಿಕರಿಗೆ ಹಲ್ಲನ್ನೇ ತೋರಿಸುವುದು ತೀರಾ ಅಪರೂಪ. 2009ರ ನಂತರ ತೋರಿಸಿದ್ದು 2025ರ ಏಪ್ರಿಲ್‌ನಲ್ಲಿ. ಇದು ಗೊತ್ತಿಲ್ಲದೆ ಹೋಗಿ 'ಏನೂ ಕಾಣಲಿಲ್ಲ' ಎಂದು ಬೇಜಾರು ಮಾಡಿಕೊಳ್ಳುವ ಪ್ರವಾಸಿಗರು ಜಾಸ್ತಿ.

ಬೆಳಿಗ್ಗೆ 5:15: ಗೇಟಿನಿಂದ ಅಂಗಳಕ್ಕೆ

ಗೇಟಿನಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ತಪಾಸಣೆ. ಇಷ್ಟು ಬಿಗಿ ಯಾಕೆಂದರೆ 1998ರ ಜನವರಿ 25ರಂದು ಎಲ್‌ಟಿಟಿಇ ಇಲ್ಲಿ ಲಾರಿ ಬಾಂಬ್ ಸಿಡಿಸಿತ್ತು. ಜನ ಸತ್ತರು, ಮುಂಭಾಗ ಜಖಂ ಆಯಿತು. ತಪಾಸಣೆಯವರ ಮುಂದೆ ಚೀಲ ತೆರೆದು ಹಿಡಿಯಿರಿ, ಮುಗಿಯಿತು.

ಒಳಗೆ ಹೋಗುತ್ತಿದ್ದಂತೆ ಹೂವಿನ ಅಂಗಡಿಗಳು. ಕಮಲ, ನೀಲಿ ನೈದಿಲೆ, ಮಲ್ಲಿಗೆ, ದೇವಕಣಗಿಲೆ. ಒಂದು ತಟ್ಟೆ ಹೂವು ಕೊಳ್ಳಿ. ಭಕ್ತಿಗಾಗಿ ಅಲ್ಲದಿದ್ದರೂ ಪರವಾಗಿಲ್ಲ, ಕೈಯಲ್ಲಿ ಹೂವಿದ್ದರೆ ಎಲ್ಲಿ ಹೋಗಬೇಕು, ಏನು ಮಾಡಬೇಕು ಎಂಬ ಗೊಂದಲವೇ ಇರುವುದಿಲ್ಲ. ಹೂವು ಹಿಡಿದವರ ಹಿಂದೆ ನಡೆದರೆ ಆಯಿತು. ಮೂಸಿ ನೋಡಬಾರದು ಎಂಬ ನಿಯಮ ನಮ್ಮಲ್ಲಿರುವಂತೆ ಅಲ್ಲೂ ಇದೆ.

ಚಪ್ಪಲಿಯನ್ನು ಕೌಂಟರಿನಲ್ಲಿ ಬಿಟ್ಟು ಟೋಕನ್ ತೆಗೆದುಕೊಳ್ಳಿ. ಸ್ಥಳೀಯರಿಗೆ ಪ್ರವೇಶ ಉಚಿತ, ನಮಗೆ ಟಿಕೆಟ್. ಸಾರ್ಕ್ ದೇಶದವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ ದರ ಇರುತ್ತದೆ, ಕೇಳಿ, ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ಅದೇ ಟಿಕೆಟ್ಟಿನಲ್ಲಿ ಸಂಜೆ ಮತ್ತೆ ಬರಬಹುದೇ ಎಂದು ಕೌಂಟರಿನಲ್ಲೇ ವಿಚಾರಿಸಿ, ಟಿಕೆಟ್ ಜೋಪಾನ ಮಾಡಿ.

ಕಂದಕ ದಾಟಿ, ಮಕರ ತೋರಣದ ಕೆಳಗೆ ಹಾದು, ಚಿತ್ತಾರ ಬರೆದ ಸುರಂಗದಂಥ ದಾರಿಯಲ್ಲಿ ಮೇಲೆ ಬಂದರೆ ಕೆಳಗಿನ ಅಂಗಳ, ಹೇವಿಸಿ ಮಂಟಪ. ಎದುರಿಗೆ ಎರಡು ಮಹಡಿಯ ಮರದ ಗುಡಿ. ಬಾಗಿಲ ಎರಡೂ ಬದಿ ದೊಡ್ಡ ಆನೆದಂತಗಳು. ಮೊದಲ ಪೂಜೆಗೆ ಇಲ್ಲೇ ನಿಲ್ಲಿ. ವಾದ್ಯದವರಿಗೂ ಬಾಗಿಲಿಗೂ ನಡುವೆ ಮಾತ್ರ ನಿಲ್ಲಬೇಡಿ, ಪಕ್ಕದ ಕಂಬಕ್ಕೆ ಒರಗಿ ನಿಂತರೆ ಎಲ್ಲ ಕಾಣುತ್ತದೆ.

ವಾದ್ಯದವರು ಬಿಳಿ ಉಡುಗೆ, ಕೆಂಪು ನಡುಪಟ್ಟಿ ಕಟ್ಟಿ ಬರುತ್ತಾರೆ. ಉದ್ದನೆಯ ಗೆಟ ಬೆರ, ದಪ್ಪನೆಯ ದವುಲ, ಕಡ್ಡಿಯಲ್ಲಿ ಬಾರಿಸುವ ಜೋಡಿ ತಮ್ಮೆಟ್ಟ, ಇವುಗಳ ಮೇಲೆ ಮೊಳಗುವ ಹೊರಣೆ. ಹೊರಣೆ ನಮ್ಮ ಮೌರಿಯ ಬಳಗದ್ದು. ಹೊಸದಾಗಿ ಕೇಳುವವರಿಗೆ ಮೊದಲ ಐದು ನಿಮಿಷ ಬರೀ ಸದ್ದು. ಆಮೇಲೆ ದವುಲ ಎಲ್ಲಿ ಹೊಡೆಯುತ್ತದೆ, ಗೆಟ ಬೆರ ಎಲ್ಲಿ ಉತ್ತರ ಕೊಡುತ್ತದೆ ಎನ್ನುವುದು ಬಿಡಿಬಿಡಿಯಾಗಿ ಕೇಳಿಸತೊಡಗುತ್ತದೆ. ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಬೇಕು. ಗುಂಪಿನಲ್ಲಿ ಬಂದವರಿಗೆ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಈ ವಾದ್ಯದವರು ಬಾಡಿಗೆಗೆ ಬಂದವರಲ್ಲ. ರಾಜರ ಕಾಲದಿಂದ ಮನೆತನಗಳಿಗೆ ಹಂಚಿಕೆಯಾಗಿ ಬಂದ ಸೇವೆ ಇದು.

ಒಳಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದನ್ನು ತೇವಾವ ಎನ್ನುತ್ತಾರೆ. ಬುದ್ಧ ಎದುರಿಗೇ ಕೂತಿದ್ದಾನೆ ಎಂಬಂತೆ ಉಪಚಾರ. ಮುಖ ತೊಳೆಯಲು ನೀರು, ಬೆಳಗಿನ ತಿಂಡಿ. 9:30ರ ಪೂಜೆಯಲ್ಲಿ ಊಟ. ಸಂಜೆ ಪಾನೀಯ ಮಾತ್ರ, ಏಕೆಂದರೆ ಭಿಕ್ಷುಗಳು ಮಧ್ಯಾಹ್ನ ದಾಟಿದ ಮೇಲೆ ಉಣ್ಣುವುದಿಲ್ಲ. ಮಲ್ವತ್ತೆ ಮತ್ತು ಅಸ್ಗಿರಿಯ ಎಂಬ ಎರಡು ಮಹಾವಿಹಾರಗಳ ಭಿಕ್ಷುಗಳು ಈ ಸೇವೆ ನಡೆಸುತ್ತಾರೆ. ಅವರ ಜೊತೆ ಆಡಳಿತ ನೋಡಿಕೊಳ್ಳುವ ಗೃಹಸ್ಥ ಅಧಿಕಾರಿಗೆ ದಿಯವಡನ ನಿಲಮೆ ಎಂದು ಹೆಸರು.

ನಮ್ಮ ದೇವಸ್ಥಾನದ ರೂಢಿಯಲ್ಲಿ ಬೆಳೆದವರಿಗೆ ಇಲ್ಲಿ ಕೈಕಾಲು ಆಡದಂತಾಗಬಹುದು. ಗೋತ್ರ, ನಕ್ಷತ್ರ ಕೇಳುವವರಿಲ್ಲ. ಅರ್ಚನೆ ಚೀಟಿ ಇಲ್ಲ. ಮಂಗಳಾರತಿ ತಟ್ಟೆ ಹಿಡಿದು ಯಾರೂ ಹತ್ತಿರ ಬರುವುದಿಲ್ಲ. ಹೂವನ್ನು ಮೇಜಿನ ಮೇಲೆ ನೀವೇ ಇಟ್ಟು, ಕೈಮುಗಿದು, ಬೇಕಾದಷ್ಟು ಹೊತ್ತು ಗೋಡೆ ಬದಿ ಕೂರಬಹುದು. ಕಾಲನ್ನು ಮೂರ್ತಿಯ ಕಡೆ ಚಾಚಬೇಡಿ. ಸುತ್ತಲಿನವರು 'ಸಾಧು, ಸಾಧು, ಸಾಧು' ಎಂದಾಗ ನೀವೂ ಅನ್ನಬಹುದು, ಸುಮ್ಮನಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಬೆಂಗಳೂರಿನ ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಹೋಗಿ ಬಂದವರಿಗೆ ಇಲ್ಲಿನ ಪಾಲಿ ಪಠಣ ಕಿವಿಗೆ ಪರಿಚಿತ. ಬೈಲಕುಪ್ಪೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಮಾತ್ರ ಹೋಲಿಕೆ ಸಿಗದು. ಅದು ಟಿಬೆಟಿನ ದಾರಿ, ಇದು ಥೇರವಾದ ಎಂಬ ಇನ್ನೊಂದು ಬೌದ್ಧ ಪಂಥ.

ಪೂಜೆ ಮುಗಿದ ಮೇಲೆ ಹಿಂದಿನ ಅಲುತ್ ಮಾಳಿಗಾವಕ್ಕೆ ಹೋಗಿ. ಇದು ಹೊಸ ಸಭಾಂಗಣ. ಬೇರೆ ಬೌದ್ಧ ದೇಶಗಳು ಕೊಟ್ಟ ಬುದ್ಧಮೂರ್ತಿಗಳು ಇಲ್ಲಿವೆ. ಗೋಡೆಯ ಮೇಲೆ ಹಲ್ಲಿನ ಕಥೆಯನ್ನೇ ಸಾಲು ಚಿತ್ರಗಳಲ್ಲಿ ಬರೆದಿದ್ದಾರೆ. ಹೇಮಮಾಲಿ, ಹಡಗು, ರಾಜಧಾನಿಗಳು, ಬ್ರಿಟಿಷರು, ಎಲ್ಲ ಕ್ರಮವಾಗಿ ಬರುತ್ತವೆ. ಮೇಲೆ ಹೇಳಿದ ಕಥೆ ಗೊತ್ತಿದ್ದರೆ ಯಾರ ವಿವರಣೆಯೂ ಬೇಡ.

ಐದಕ್ಕೆ ಏಳಲು ಆಗದವರು 9:30ರ ಪೂಜೆಗೆ ಬನ್ನಿ. ಆದರೆ ಕೊಲಂಬೊದ ಬಸ್ಸುಗಳು ಬಂದಿಳಿಯುವುದೂ ಆಗಲೇ.

ತಿಂಡಿ: ಸಸ್ಯಾಹಾರಿಗಳು ಗಮನಿಸಿ

ಎಂಟರ ಹೊತ್ತಿಗೆ ಹೊರಬಂದು ತಿನ್ನಿ. ಆಪ್ಪ, ಇಂದಿ ಆಪ್ಪ ಎರಡೂ ನಮಗೆ ಹೊಸವಲ್ಲ. ಇಂದಿ ಆಪ್ಪ ಎಂದರೆ ಒತ್ತು ಶಾವಿಗೆಯೇ. ಅಪಾಯ ಇರುವುದು ಪಕ್ಕದಲ್ಲಿ. ಕೆಂಪಗಿನ ಕಾಯಿ ಚಟ್ನಿ ಪೊಲ್ ಸಂಬೋಲದಲ್ಲಿ ಉಂಬಲಕಡ ಎಂಬ ಒಣ ಮೀನಿನ ಪುಡಿ ಇರಬಹುದು. ಕೆಲವು ಕಡೆ ಬೇಳೆ ಸಾರಿಗೂ, ತರಕಾರಿ ಪಲ್ಯಕ್ಕೂ ಹಾಕುತ್ತಾರೆ. 'ವೆಜಿಟೇರಿಯನ್' ಎಂದರೆ ಕೋಳಿ ಇಲ್ಲ ಅಂತ ಮಾತ್ರ ಅರ್ಥ ಮಾಡಿಕೊಳ್ಳುವವರಿದ್ದಾರೆ. 'ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ' ಎನ್ನಿ. ಮಾಂಸ ಬೇಡ, ಮೀನು ಬೇಡ, ಆ ಪುಡಿಯೂ ಬೇಡ ಎಂದು. ಕಟ್ಟುನಿಟ್ಟಿನವರಿಗೆ ಊರೊಳಗೆ ದೋಸೆ, ವಡೆ ಸಿಗುವ ತಮಿಳರ ಸಸ್ಯಾಹಾರಿ ಹೋಟೆಲ್‌ಗಳೇ ಸರಿ.

ಬೇಕರಿಯಲ್ಲಿ ಕೂತರೆ ಕೇಳದೆಯೇ ಒಂದು ತಟ್ಟೆ ತುಂಬ ಬಗೆಬಗೆಯ ತಿಂಡಿ ತಂದಿಡಬಹುದು. ಗಾಬರಿ ಬೇಡ, ತಿಂದಷ್ಟಕ್ಕೆ ಮಾತ್ರ ಬಿಲ್ಲು.

ಪಕ್ಕದ ಗುಡಿಗಳು, ಮತ್ತೆ ದಾರಿಯಲ್ಲಿ ಸಿಗುವ 'ಸ್ನೇಹಿತರು'

ದಳದಾ ಮಾಳಿಗಾವದ ಎದುರಿಗೇ ನಾಥ ದೇವಾಲೆ ಮತ್ತು ಪತ್ತಿನಿ ದೇವಾಲೆ ಇವೆ. ನಾಥನ ಗುಡಿ 14ನೇ ಶತಮಾನದ್ದು, ಊರಿನಲ್ಲೇ ಹಳೆಯದು. ಪತ್ತಿನಿ ಎಂದರೆ ತಮಿಳರ ಕಣ್ಣಗಿ. ರಸ್ತೆಯಾಚೆ ಸ್ವಲ್ಪ ಎತ್ತರದಲ್ಲಿ ವಿಷ್ಣು. ಊರೊಳಗೆ ಕತರಗಾಮ ದೇವರು, ನಮ್ಮ ಸುಬ್ರಹ್ಮಣ್ಯನೇ. ಬುದ್ಧನ ಮುಂದೆ ಸುಮ್ಮನೆ ಹೂವಿಟ್ಟು ಬಂದ ಅದೇ ಜನ ಇಲ್ಲಿ ಹಣ್ಣಿನ ತಟ್ಟೆ ಹಿಡಿದು ಹರಕೆ ಹೊರುತ್ತಾರೆ. ಕಾಪುರಾಳ ಎಂಬ ಪೂಜಾರಿ ಅವರ ಪರವಾಗಿ ದೇವರಿಗೆ ಅರಿಕೆ ಮಾಡುತ್ತಾನೆ. ನಿರ್ವಾಣಕ್ಕೆ ಬುದ್ಧ, ಪರೀಕ್ಷೆ ಪಾಸಾಗಲು ಪತ್ತಿನಿ. ಈ ಹಂಚಿಕೆ ನನಗೆ ಬಹಳ ಹಿಡಿಸುತ್ತದೆ. ಟೂರ್ ಗುಂಪುಗಳು ಈ ಕಡೆ ತಲೆ ಹಾಕುವುದು ಕಡಿಮೆ.

ದೇವಾಲಯದ ಆವರಣದಲ್ಲೇ ಮಗುಲ್ ಮಡುವ ಎಂಬ ರಾಜರ ಸಭಾಮಂಟಪ ಇದೆ. ಕೆತ್ತಿದ ಮರದ ಕಂಬಗಳು. 1815ರ ಮಾರ್ಚ್ 2ರಂದು ರಾಜ್ಯವನ್ನು ಬ್ರಿಟಿಷರಿಗೆ ಒಪ್ಪಿಸಿದ ಒಪ್ಪಂದ ಓದಿದ್ದು ಇಲ್ಲೇ. ಹತ್ತಿರದಲ್ಲೇ ರಾಜಾ ಎಂಬ ಆನೆಯ ಮ್ಯೂಸಿಯಂ. ಪೆರಹೆರದಲ್ಲಿ ಎಷ್ಟೋ ವರ್ಷ ಕರಂಡಕ ಹೊತ್ತ ಆನೆ ಅದು. 1988ರಲ್ಲಿ ಸತ್ತ ಮೇಲೆ ಅದರ ದೇಹವನ್ನೇ ಕೆಡದಂತೆ ಮಾಡಿ ನಿಲ್ಲಿಸಿದ್ದಾರೆ. ದಸರಾ ಆನೆಗಳನ್ನು ಹೆಸರು ಹಿಡಿದು ಕರೆಯುವ ಮೈಸೂರಿನವರಿಗೆ ಇದರ ಹಿಂದಿನ ಪ್ರೀತಿ ಅರ್ಥವಾಗುತ್ತದೆ.

ಈಗ ಎಚ್ಚರದ ಮಾತು. ಕೆರೆಯ ಏರಿಯ ಮೇಲೆ ಒಬ್ಬರೇ ನಡೆಯುತ್ತಿದ್ದರೆ ಯಾರಾದರೂ ನಗುನಗುತ್ತಾ ಜೊತೆಯಾಗುತ್ತಾರೆ. 'ನಾನು ನಿಮ್ಮ ಹೋಟೆಲಿನಲ್ಲೇ ಕೆಲಸ ಮಾಡುವುದು, ಗುರುತು ಸಿಗಲಿಲ್ವಾ?' ಎನ್ನುವುದು ಒಂದು ಬಗೆ. 'ಇವತ್ತು ಮಾತ್ರ ವಿಶೇಷ ಉತ್ಸವ ಇದೆ, ಟಿಕೆಟ್ ಕೊಡಿಸುತ್ತೇನೆ' ಎನ್ನುವುದು ಇನ್ನೊಂದು. ಕೊನೆಗೆ ದಾರಿ ತಲುಪುವುದು ರತ್ನದ ಅಂಗಡಿಗೋ ಗಿಡಮೂಲಿಕೆ ತೋಟಕ್ಕೋ. ಜಗಳ ಬೇಡ. ಮುಗುಳ್ನಕ್ಕು 'ಸ್ತೂತಿ' (ಧನ್ಯವಾದ) ಎಂದು ನಡೆಯುತ್ತಲೇ ಇರಿ, ನಿಲ್ಲಬೇಡಿ. ನಿಂತರೆ ಅರ್ಧ ಗಂಟೆ ಹೋಯಿತು. ಗೇಟಿನ ಹತ್ತಿರ ಗೈಡ್ ಎಂದು ಬರುವವರಿಗೂ ಇದೇ ಉತ್ತರ. ಕಾಣಿಕೆ ಹಾಕುವ ಮನಸ್ಸಿದ್ದರೆ ಹುಂಡಿಗೆ ಹಾಕಿ, ರಸೀದಿ ಪುಸ್ತಕ ಹಿಡಿದು ರಸ್ತೆಯಲ್ಲಿ ಬರುವವರಿಗಲ್ಲ.

ಮಧ್ಯಾಹ್ನ: ಒಂದೇ ಊರಾಚೆಯ ಗುಡಿ ಸಾಕು

ಹನ್ನೊಂದರಿಂದ ನಾಲ್ಕರವರೆಗೆ ಮಾಳಿಗಾವದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಈ ಹೊತ್ತಿಗೆ ತ್ರೀವೀಲರ್‌ನವರು, ಅಂದರೆ ಆಟೋದವರು, ಮೂರು ಗುಡಿಗಳ ಸುತ್ತು ಹೇಳುತ್ತಾರೆ: ಎಂಬೆಕ್ಕೆ, ಲಂಕಾತಿಲಕ, ಗಡಲಾದೆಣಿಯ. ಮೂರನ್ನೂ ಓಡಿ ನೋಡಿದರೆ ಸಂಜೆಗೆ ಶಕ್ತಿ ಉಳಿಯುವುದಿಲ್ಲ. ಒಂದನ್ನು ಆರಿಸಿ. ಕನ್ನಡ ನಾಡಿನಿಂದ ಹೋದವರಿಗೆ ನಾನು ಹೇಳುವುದು ಗಡಲಾದೆಣಿಯ.

ಬಂಡೆಯ ಮೇಲೆ ಕಟ್ಟಿದ ಕಲ್ಲಿನ ಗುಡಿ ಇದು. 1344ರಲ್ಲಿ ಕಟ್ಟಿದ್ದು, ಅಂದರೆ ವಿಜಯನಗರ ಹುಟ್ಟಿ ಎಂಟೇ ವರ್ಷಕ್ಕೆ. ಕಟ್ಟಿದ ಶಿಲ್ಪಿ ಗಣೇಶ್ವರಾಚಾರಿ, ದಕ್ಷಿಣ ಭಾರತದವನು. ಹಾಗಾಗಿ ಒಳಗೆ ಬುದ್ಧ, ಹೊರಗೆ ನಮ್ಮ ಕಡೆಯ ಗುಡಿಯದೇ ಕಂಬ, ಕಪೋತ (ಚಾವಣಿಯ ಬಾಗಿದ ಅಂಚು), ಕುಣಿಯುವವರ ಸಾಲು. ಪಕ್ಕಕ್ಕೇ ಅಂಟಿದಂತೆ ವಿಷ್ಣುವಿನ ಗುಡಿ. ಕೊಲಂಬೊ ರಸ್ತೆಯ ಬಸ್ಸಿನಲ್ಲಿ ಪಿಲಿಮತಲಾವಕ್ಕೆ ಹೋಗಿ ಇಳಿದು, ಅಲ್ಲಿಂದ ತ್ರೀವೀಲರ್ ಹಿಡಿದರೆ ಖರ್ಚು ಕಡಿಮೆ. ಪೂರ್ತಿ ತ್ರೀವೀಲರ್‌ನಲ್ಲೇ ಹೋಗುವುದಾದರೆ ಪಿಕ್‌ಮಿ ಆ್ಯಪ್‌ನಲ್ಲಿ ದರ ನೋಡಿಕೊಂಡು ಆಮೇಲೆ ಚೌಕಾಶಿಗೆ ಇಳಿಯಿರಿ.

ಅಷ್ಟು ದೂರ ಬೇಡ ಎನ್ನುವವರಿಗೆ ಮಾಳಿಗಾವದ ಹಿಂದೆಯೇ ಉಡವತ್ತಕೆಲೆ ಕಾಡಿದೆ. ಮಳೆಗಾಲದಲ್ಲಿ ಇಂಬಳ ಹತ್ತುತ್ತವೆ, ಮಲೆನಾಡಿನವರಿಗೆ ಹೇಳಬೇಕಿಲ್ಲ. ಒಂಟಿ ಹೆಣ್ಣುಮಕ್ಕಳು ಕಾಡಿನ ಒಳದಾರಿಗಳನ್ನು ಬಿಟ್ಟು ಜನ ಓಡಾಡುವ ದಾರಿಯಲ್ಲೇ ಇರುವುದು ಕ್ಷೇಮ. ಕತ್ತಲಾದ ಮೇಲೆ ಕೆರೆಯ ನಿರ್ಜನ ಬದಿಗೂ ಇದೇ ಮಾತು.

ಸಂಜೆ 5:45: ಈ ಸಲ ಮೇಲಿನ ಮಹಡಿ

ಸಂಜೆ ಐದರ ಹೊತ್ತಿಗೆ ಊರಿನ ಎರಡು ಮೂರು ಸಭಾಂಗಣಗಳಲ್ಲಿ ಕ್ಯಾಂಡಿ ನೃತ್ಯದ ಪ್ರದರ್ಶನ ಇರುತ್ತದೆ. ಒಂದು ಗಂಟೆಯ ಆಟ, ಕೊನೆಗೆ ಕೆಂಡ ತುಳಿಯುತ್ತಾರೆ. ಪ್ರವಾಸಿಗರಿಗೆಂದೇ ಮಾಡಿದ್ದು, ಕೆಟ್ಟದ್ದೇನಲ್ಲ. ಆದರೆ ಅದನ್ನು ನೋಡಿ ಬಂದರೆ ಮೇಲಿನ ಕ್ಯೂನಲ್ಲಿ ನೀವು ಹಿಂದೆ ಬೀಳುತ್ತೀರಿ. ಎರಡರಲ್ಲಿ ಒಂದು ಎಂದಾದರೆ ನಾನು ನೃತ್ಯ ಬಿಡುತ್ತೇನೆ.

5:45ಕ್ಕೆ ಒಳಗಿರಿ. ಹೂವು ಹಿಡಿದು ನೇರ ಮೇಲಿನ ಮಹಡಿಗೆ. ಬಾಗಿಲ ಎದುರು ಹೂವಿಡುವ ಉದ್ದನೆಯ ಮೇಜು, ಅದರ ಹಿಂದೆ ನೆಲದ ಮೇಲೆ ಕೂತ ಜನ. ಹಾಲುಗೂಸು ಎತ್ತಿಕೊಂಡ ತಾಯಂದಿರು, ಪುಸ್ತಕ ನೋಡಿ ಪಠಿಸುವ ಅಜ್ಜಿಯರು, ಶಾಲೆಯ ಸಮವಸ್ತ್ರದ ಮಕ್ಕಳು. ಗೋಡೆ ಬದಿಗೆ ಜಾಗ ಮಾಡಿಕೊಂಡು ನೀವೂ ಕೂತುಬಿಡಿ. ನಿಂತಿದ್ದರೆ ಕಾವಲಿನವರು ಮುಂದಕ್ಕೆ ಸಾಗಿಸುತ್ತಾರೆ, ಕೂತವರನ್ನು ಸಾಮಾನ್ಯವಾಗಿ ಎಬ್ಬಿಸುವುದಿಲ್ಲ.

ಕೆಳಗೆ ವಾದ್ಯ ಶುರುವಾದಾಗ ಮರದ ನೆಲವೇ ಅದುರುವುದು ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತದೆ, ಸಾಲು ಹೊರಡುತ್ತದೆ. ಬಾಗಿಲಿನ ಎದುರು ನಿಮಗೆ ಸಿಗುವುದು ಕೆಲವೇ ಕ್ಷಣ. ತಿರುಪತಿಯ ಅನುಭವ ಇರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ದೂರದಲ್ಲಿ ಚಿನ್ನದ ಕರಂಡಕ, ಅದರ ಮೇಲೆ ಸುತ್ತಿದ ಸರಗಳು. ಆ ಕ್ಷಣದಲ್ಲಿ ಫೋನ್ ಎತ್ತಿದವರಿಗೆ ಫೋಟೋವೂ ಸರಿ ಬರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಕಣ್ಣಲ್ಲೇ ನೋಡಿ. ದಾಟಿ ಹೋದ ಮೇಲೆ ಮತ್ತೆ ಗೋಡೆ ಬದಿಗೆ ಬಂದು ಕೂರಲು ಅಡ್ಡಿಯಿಲ್ಲ. ಬಾಗಿಲು ಮುಚ್ಚುವವರೆಗೂ ಇರಿ. ಗುಂಪು ಕರಗುತ್ತಾ ಬಂದಂತೆ ಜಾಗ ಸಡಿಲವಾಗುತ್ತದೆ.

ಎಂಟಕ್ಕೆ ದೇವಾಲಯ ಮುಚ್ಚುತ್ತದೆ. ಟೋಕನ್ ಕೊಟ್ಟು ಚಪ್ಪಲಿ ತೆಗೆದುಕೊಳ್ಳಿ. ಕ್ಯಾಂಡಿ ಬೇಗ ಮಲಗುವ ಊರು, ರಾತ್ರಿ ಊಟಕ್ಕೆ ತಡ ಮಾಡಬೇಡಿ. ರೂಮು ಗುಡ್ಡದ ಮೇಲಿದ್ದರೆ ನಡೆಯದೆ ತ್ರೀವೀಲರ್ ಹಿಡಿಯಿರಿ.

ಮರುದಿನ ಬಸ್ಸಿನಲ್ಲಿ ಹೊರಡುವವರಿಗೆ ಒಂದು ಸಣ್ಣ ಸೂಚನೆ. ಡ್ರೈವರ್ ಹಿಂದಿನ ಮುಂಭಾಗದ ಸೀಟು ಖಾಲಿ ಕಂಡರೂ ಕೂರಬೇಡಿ. ಅದು ಭಿಕ್ಷುಗಳಿಗೆ ಮೀಸಲು. ಕೂತಿದ್ದು, ನಡುದಾರಿಯಲ್ಲಿ ಭಿಕ್ಷು ಹತ್ತಿದರೆ ತಕ್ಷಣ ಏಳಬೇಕು. ಹೆಂಗಸರು ಅವರಿಗೆ ಏನನ್ನಾದರೂ ನೇರ ಕೈಗೆ ಕೊಡುವ ರೂಢಿ ಇಲ್ಲ. ಚಿಲ್ಲರೆ, ಚೀಲ ಏನೇ ದಾಟಿಸುವುದಿದ್ದರೂ ಪಕ್ಕದ ಗಂಡಸರ ಕೈಗೆ ಕೊಟ್ಟರೆ ಅವರು ದಾಟಿಸುತ್ತಾರೆ.